ತೋಟೆಗೆ ಮನೆಯಲ್ಲೇ ಮದ್ದು ತುಂಬಬಹುದಾ? ಕೋವಿ ಹಿಡಿಯುವ ಯುವ ರೈತರಿಗೆ ಒಂದು ಪಾಠ



ನಮ್ಮ ಬೂವನಹಳ್ಳಿ ಸುತ್ತಮುತ್ತ ಜೋಳ ಹಾಲುಕಾಳಿಗೆ ಬಂದಾಗ, ಆಲೂಗಡ್ಡೆ ಗೆಡ್ಡೆ ಕಟ್ಟಿದಾಗ ಹಂದಿ ಕಾಟ ಶುರುವಾಗುತ್ತೆ. ಆ ಹೊತ್ತಿಗೆ ಮನೆಯಲ್ಲಿರೋ ಕೋವಿ ನೆನಪಾಗುತ್ತೆ, ಕೋವಿ ಜೊತೆಗೆ ತೋಟೆಯ ಖರ್ಚೂ ನೆನಪಾಗುತ್ತೆ. ಈಚೆಗೆ ಹುಡುಗರು ನನ್ನನ್ನ ಕೇಳುವ ಪ್ರಶ್ನೆ ಇದು: "ಅಣ್ಣಾ, ಯೂಟ್ಯೂಬ್‌ನಲ್ಲಿ ಅಮೆರಿಕದವರು ಹೊಡೆದ ತೋಟೆಗೆ ಮನೆಯಲ್ಲೇ ಮತ್ತೆ ಮದ್ದು ತುಂಬ್ತಾರೆ. ಮಷಿನ್ ಆನ್‌ಲೈನಲ್ಲಿ ಸಿಗುತ್ತಂತೆ. ನಾವೂ ಮಾಡಬಹುದಾ?"

ನನ್ನ ಉತ್ತರ: ಬೇಡ. ಆದರೆ ಬರೀ "ಬೇಡ" ಅಂದ್ರೆ ಯಾರೂ ಕೇಳಲ್ಲ. ಕಾನೂನು ಏನು ಹೇಳುತ್ತೆ, ತೋಟೆಯೊಳಗೆ ಏನು ನಡೆಯುತ್ತೆ, ಲೆಕ್ಕ ಹಾಕಿದ್ರೆ ಉಳಿತಾಯ ಎಷ್ಟು, ಬೆಳೆ ಉಳಿಸೋಕೆ ಕೋವಿಯಿಂದ ಎಷ್ಟು ಉಪಯೋಗ, ಇಷ್ಟನ್ನೂ ಈ ವಾರ ಒಂದೊಂದಾಗಿ ನೋಡೋಣ.

ತೋಟೆಯೊಳಗೆ ಏನಿದೆ?

ಯಾವ ತೋಟೆಯಲ್ಲೂ ಮುಖ್ಯವಾಗಿ ನಾಲ್ಕು ಭಾಗ ಇರುತ್ತೆ.

1. ಕೋಶ. ರೈಫಲ್ ತೋಟೆಗೆ ಹಿತ್ತಾಳೆಯದ್ದು. ನಮ್ಮ 12 ಬೋರ್ ಕೋವಿಯ ತೋಟೆಗೆ ಪ್ಲಾಸ್ಟಿಕ್ ಅಥವಾ ಕಾಗದದ ಕೊಳವೆ, ಬುಡಕ್ಕೆ ಲೋಹದ ತಳ.
2. ಕೇಪು. ತಳದ ನಡುವೆ ಇರುವ ಸಣ್ಣ ಬಟ್ಟಲು. ಕೋವಿಯ ಮೊಳೆ ಹೊಡೆದ ಕೂಡಲೇ ಇದು ಕಿಡಿ ಕೊಡುತ್ತೆ.
3. ಮದ್ದು. ಕಿಡಿ ತಗುಲಿ ಉರಿದು ಗ್ಯಾಸ್ ಆಗುತ್ತೆ.
4. ಗುಂಡು ಅಥವಾ ಚರೆ. ಆ ಗ್ಯಾಸ್ ಇದನ್ನ ನಳಿಗೆಯಿಂದ ಹೊರಗೆ ತಳ್ಳುತ್ತೆ. ಚರೆ ತೋಟೆಯಲ್ಲಿ ಮದ್ದಿಗೂ ಚರೆಗೂ ನಡುವೆ ಒಂದು ಬಿರಡೆಯೂ ಇರುತ್ತೆ.

ಒಂದು ಈಡು ಹೊಡೆದ ಮೇಲೆ ಉಳಿಯೋದು ಕೋಶ ಮಾತ್ರ. ಉಳಿದ ಮೂರನ್ನ ಹೊಸದಾಗಿ ಹಾಕಿ ಅದೇ ಕೋಶವನ್ನ ಮತ್ತೆ ಬಳಸೋದಕ್ಕೆ ಇಂಗ್ಲಿಷಲ್ಲಿ ರೀಲೋಡಿಂಗ್ ಅಂತಾರೆ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಅಲ್ಲಿ ಗುರಿ ಸ್ಪರ್ಧೆಗೆ ಹೋಗೋರು ವರ್ಷಕ್ಕೆ ಸಾವಿರಾರು ಈಡು ಹೊಡೀತಾರೆ. ಅವರಿಗೆ ಅದು ಉಳಿತಾಯ, ಜೊತೆಗೆ ಪ್ರತಿ ಈಡೂ ಒಂದೇ ಅಳತೆಯದ್ದಾದರೆ ಗುರಿಯೂ ನಿಖರ. ಅದಕ್ಕಾಗಿ ಮದ್ದು ಮಾಡುವ ಕಂಪನಿಗಳೇ ಪರೀಕ್ಷೆ ಮಾಡಿ ಅಳತೆಯ ಪುಸ್ತಕ ಪ್ರಕಟಿಸುತ್ತವೆ. ಅದರಲ್ಲಿರುವ ಅಳತೆ ಬಿಟ್ಟು ಕೂದಲೆಳೆಯಷ್ಟೂ ಆಚೆ ಹೋಗಬಾರದು ಅನ್ನೋದು ಅಲ್ಲಿನ ಮೊದಲ ಪಾಠ.

ವಿಡಿಯೋದಲ್ಲಿ ಹತ್ತು ನಿಮಿಷದಲ್ಲಿ ಮುಗಿಯೋ ಆ ಕೆಲಸದ ಹಿಂದೆ ಇಷ್ಟೆಲ್ಲ ಇದೆ.

ಕಾನೂನು: ಖಾಲಿ ಕೋಶವೂ "ಮದ್ದುಗುಂಡು"

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ತುಂಬಿದ ತೋಟೆ ಮಾತ್ರ ಅಲ್ಲ. ಅದರ ಬಿಡಿಭಾಗಗಳು, ಅದನ್ನ ತಯಾರಿಸುವ ಯಂತ್ರ ಕೂಡ ಅದೇ ವ್ಯಾಖ್ಯೆಯೊಳಗೆ ಬರುತ್ತವೆ. ಅಂದರೆ ಕೇಪು, ಕೋಶ, ಆನ್‌ಲೈನಲ್ಲಿ ತರಿಸುವ ಆ "ಮಷಿನ್", ಎಲ್ಲವೂ ಕಾನೂನಿನ ಕಣ್ಣಲ್ಲಿ ಮದ್ದುಗುಂಡೇ.

ಇದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ, ಮಾರೋಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳೋಕೆ ನಮಗೆ ಕೊಟ್ಟಿರುವ ಲೈಸೆನ್ಸ್ ಅದಕ್ಕೆ ಸಾಲದು. 2019ರಲ್ಲಿ ತಿದ್ದುಪಡಿ ಆದಮೇಲೆ ಈ ಸೆಕ್ಷನ್ ಮೀರಿದವರಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಸೆರೆವಾಸ ಇದೆ. ಹತ್ತು ತೋಟೆ ಉಳಿಸೋಕೆ ಹೋಗಿ ಏಳು ವರ್ಷ ಕಳೆಯೋ ಲೆಕ್ಕ.

"ನಮ್ಮ ನೆಂಟರು ಕೊಡಗಿನಲ್ಲಿ ಲೈಸೆನ್ಸೇ ಇಲ್ಲದೆ ಕೋವಿ ಇಟ್ಕೊಂಡಿದ್ದಾರೆ" ಅಂತ ಅರಕಲಗೂಡು ಕಡೆಯವರು ಹೇಳ್ತಾರೆ. ನಿಜ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ತೋಟೆ ತಯಾರಿಸೋಕೆ ಕೊಟ್ಟ ಪರವಾನಗಿ ಅಲ್ಲ. ಹೇಮಾವತಿ ಬಯಲಿನ ನಮಗಂತೂ ಆ ವಿನಾಯಿತಿಯೂ ಇಲ್ಲ.

ಒತ್ತಡದ ಲೆಕ್ಕ: ತಪ್ಪಿದರೆ ಕೈ ಹೋಗುತ್ತೆ

ಬೈಕಿನ ಚಕ್ರಕ್ಕೆ ನಾವು ಹಿಡಿಸೋದು ಸುಮಾರು 30 ಪಿಎಸ್‌ಐ ಗಾಳಿ. 12 ಬೋರ್ ತೋಟೆಯೊಳಗೆ ಮದ್ದು ಉರಿದಾಗ ಏಳುವ ಒತ್ತಡ 11,000 ಪಿಎಸ್‌ಐ ಹತ್ತಿರ ಹೋಗಬಹುದು. ಇಂದಿನ ಹಲವು ರೈಫಲ್ ತೋಟೆಗಳಲ್ಲಿ ಅದು 50,000ದಿಂದ 60,000. ಈ ಒತ್ತಡ ಏಳೋದು ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಮದ್ದನ್ನ ಅಳೆಯೋದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಮಿಗೆ 15 ಗ್ರೇನ್‌ಗಿಂತ ಸ್ವಲ್ಪ ಹೆಚ್ಚು. ಅಕ್ಕಸಾಲಿಗರ ಗುಲಗಂಜಿಯ ಅರ್ಧ ತೂಕ ಅಂದ್ಕೊಳ್ಳಿ. ಅಂಗಡಿಯ ತಕ್ಕಡಿ ತೋರಿಸೋ ಒಂದು ಗ್ರಾಮಿನ ವ್ಯತ್ಯಾಸದಲ್ಲಿ 15 ಗ್ರೇನ್ ಅಡಗಿರುತ್ತೆ. ಅಷ್ಟು ಸಾಕು, ನಳಿಗೆ ಸೀಳೋಕೆ.

ಇನ್ನೂ ದೊಡ್ಡ ಅಪಾಯ ಮದ್ದಿನ ಜಾತಿಯದ್ದು. ಕರಿಮದ್ದು ಬೇರೆ, ಹೊಗೆಯಿಲ್ಲದ ಮದ್ದು ಬೇರೆ. ಒಂದೇ ಅಳತೆ ಹಾಕಿದರೆ ಹೊಗೆಯಿಲ್ಲದ ಮದ್ದಿನ ಒತ್ತಡ ಎಷ್ಟೋ ಪಟ್ಟು ಹೆಚ್ಚು. ಕೇಪಿನ ಕೋವಿಯನ್ನ, ಅಂದರೆ ಬಾಯಿಂದ ಮದ್ದು ಗಿಡಿಯುವ ಕೋವಿಯನ್ನ ಮಾಡಿರೋದು ಕರಿಮದ್ದಿಗೆ. ತೋಟೆ ಒಡೆದು ತೆಗೆದ ಮದ್ದನ್ನ ಅದಕ್ಕೆ ಹಾಕಿದರೆ ಕೋವಿ ಒಡೆಯುತ್ತೆ. ಪಟಾಕಿ ಮದ್ದು ಇವೆರಡೂ ಅಲ್ಲ, ಅದನ್ನ ಯಾವ ಕೋವಿಗೂ ಹಾಕಬಾರದು.

ಕಣ್ಣಂದಾಜಿಗೆ ಕೆಲಸ ಮಾಡೋ ಅಭ್ಯಾಸ ನಮ್ಮದು. ಗೊಬ್ಬರ ಒಂದು ಹಿಡಿ ಹೆಚ್ಚಾದ್ರೆ ಗಿಡ ಸಹಿಸುತ್ತೆ. ಮದ್ದು ಸಹಿಸಲ್ಲ.

ಉಳಿತಾಯ ಎಷ್ಟು? ಕಾಗದ ತಗೊಂಡು ಬರೀರಿ

ಲೆಕ್ಕದ ಅನುಕೂಲಕ್ಕೆ ಒಂದು ತೋಟೆಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬೆಳೆ ಕಾಯೋ ರೈತ ವರ್ಷಕ್ಕೆ ಹತ್ತು ಈಡು ಹೊಡೆದರೆ ಅದೇ ಹೆಚ್ಚು.

- ವರ್ಷದ ಖರ್ಚು: 10 × 100 = 1,000 ರೂಪಾಯಿ
- ಮನೆಯಲ್ಲಿ ತುಂಬಿದರೆ ಅರ್ಧ ಉಳೀತು ಅನ್ನೋಣ: 500 ರೂಪಾಯಿ
- ಯಂತ್ರ, ತಕ್ಕಡಿ, ಅಚ್ಚುಗಳಿಗೆ 15,000 ಆಯ್ತು ಅನ್ನೋಣ
- ಹಾಕಿದ ದುಡ್ಡು ವಾಪಸ್ ಬರೋಕೆ: 15,000 ÷ 500 = 30 ವರ್ಷ

ನಿಮ್ಮೂರಿನ ಬೆಲೆ ಹಾಕಿ ನೀವೇ ಮತ್ತೆ ಲೆಕ್ಕ ಮಾಡಿ. ಅಂಕಿ ಬದಲಾಗಬಹುದು, ಉತ್ತರ ಬದಲಾಗಲ್ಲ. ಹೊಲದ ಖರ್ಚಿನಲ್ಲಿ ಕಡಿಮೆ ಮಾಡಬೇಕಾದ್ದು ತೋಟೆಯ ಖರ್ಚಲ್ಲ. ಒಂದೇ ರಾತ್ರಿ ಹಂದಿ ಹಿಂಡು ಉರುಳಿಸೋ ಜೋಳದ ಬೆಲೆ ವರ್ಷದ ತೋಟೆಗಿಂತ ಹೆಚ್ಚು.

ಹಾಗಾದ್ರೆ ಶುರು ಮಾಡೋದು ಎಲ್ಲಿಂದ?

ಮೊದಲು ಲೈಸೆನ್ಸಿನಿಂದ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲೇ ಬೆಳೆ ರಕ್ಷಣೆಯ ಮಾತು ಬರುತ್ತೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ಗಿಡಿಯುವ ಕೋವಿಗೆ ಲೈಸೆನ್ಸ್ ಕೊಡಬಹುದು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ, ಒಳಗೆ ತಿರುಪು ಇಲ್ಲದ ಬೇರೆ ಕೋವಿಗೂ ಕೊಡಬಹುದು. ರೈಫಲ್ ಬೆಳೆ ಕಾಯುವ ಆಯುಧ ಅಂತ ಕಾಯ್ದೆ ಅಲ್ಲಿ ಹೇಳಿಲ್ಲ. ರೈಫಲ್ ಗುಂಡು ಹಂದಿಗೆ ತಾಗದೆ ಹೋದರೆ ಪಕ್ಕದೂರಿನವರೆಗೂ ಹೋಗಬಲ್ಲದು, ಅದನ್ನೂ ನೆನಪಿಡಿ.

ಹೀಗೆ ಮಾಡಿ:

1. ವಯಸ್ಸು 21 ತುಂಬಿರಬೇಕು.
2. ಅರ್ಜಿ ಹೋಗೋದು ಜಿಲ್ಲಾಧಿಕಾರಿಗೆ. ಪಹಣಿ, ಗುರುತು ಮತ್ತು ವಿಳಾಸದ ದಾಖಲೆ, ಫೋಟೋ ಸಿದ್ಧ ಮಾಡಿಕೊಳ್ಳಿ. ಬೆಳೆ ಹಾನಿ ಆದಾಗೆಲ್ಲ ಮೊಬೈಲಿನಲ್ಲಿ ದಿನಾಂಕ ಸಮೇತ ಫೋಟೋ ತೆಗೆದಿಟ್ಟರೆ ಅರ್ಜಿಗೆ ಬಲ ಬರುತ್ತೆ.
3. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಕೋವಿ ಸುರಕ್ಷತೆಯ ತರಬೇತಿ ಇದೆ. ಇದನ್ನ ಬರೀ ಕಾಗದಕ್ಕೆ ಅಂತ ಮುಗಿಸಬೇಡಿ. ಗಮನ ಕೊಟ್ಟು ಕಲಿಯಿರಿ.
4. ಪೊಲೀಸ್ ಠಾಣೆಯಿಂದ ವರದಿ ಹೋಗುತ್ತೆ. ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ. 18ನೇ ಸೆಕ್ಷನ್ ಪ್ರಕಾರ ಮೇಲ್ಮನವಿಗೆ ಅವಕಾಶ ಇದೆ.
5. ಲೈಸೆನ್ಸ್ ಅವಧಿ ಈಗ 5 ವರ್ಷ. ಮುಗಿಯೋಕೆ ಎರಡು ತಿಂಗಳು ಇರುವಾಗಲೇ ನವೀಕರಣಕ್ಕೆ ಹಾಕಿ. ಮೊಬೈಲಿನಲ್ಲಿ ರಿಮೈಂಡರ್ ಇಟ್ಟುಬಿಡಿ.

ಇಲ್ಲೇ ಹುಡುಗರು ಎಡವೋದು: ಕೋವಿ ಅಪ್ಪನ ಹೆಸರಲ್ಲಿ ಇರುತ್ತೆ, ರಾತ್ರಿ ಕಾವಲಿಗೆ ಹೋಗೋದು ಮಗ. ಅಪ್ಪನ ಲೈಸೆನ್ಸ್ ಅಪ್ಪನದ್ದು. ನಿಮ್ಮ ಹೆಸರಿಗೆ ಅನುಮತಿ ಇಲ್ಲದೆ ಒಬ್ಬರೇ ಕೋವಿ ಹೊತ್ತು ಹೊರಟರೆ ಅದು ಲೈಸೆನ್ಸ್ ಇಲ್ಲದ ಕೋವಿ ಹಿಡಿದಂತೆಯೇ. ಅಪ್ಪ ತೀರಿಕೊಂಡ ಮೇಲೂ ಕೋವಿ ಅಟ್ಟದ ಮೇಲೆ ಹಾಗೇ ಉಳಿಯೋ ಮನೆಗಳು ಬೇಕಾದಷ್ಟು ಇವೆ. ಅದನ್ನ ಠಾಣೆಗೆ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಪ್ಪಿಸಿ ರಸೀದಿ ತಗೊಂಡು, ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು.

ಅಂಗಡಿಯ ತೋಟೆ ಕೊಳ್ಳುವಾಗ ನೋಡಬೇಕಾದ್ದು

ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗೋದು ಪುಣೆ ಹತ್ತಿರದ ಖಡ್ಕಿ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ತೋಟೆ. 2021ರ ಅಕ್ಟೋಬರಿನಿಂದ ಈ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿದೆ. ತೋಟೆ ಯಾವ ಕಂಪನಿಯದ್ದೇ ಆಗಲಿ, ಈ ನಾಲ್ಕು ನೋಡಿ.

*ಬೋರ್.* 12 ಬೋರ್ ಕೋವಿಗೆ 12 ಬೋರ್ ತೋಟೆಯೇ ಬೇಕು. 20 ಬೋರ್ ತೋಟೆ ಸಣ್ಣದು. ಅಪ್ಪಿತಪ್ಪಿ 12 ಬೋರಿಗೆ ಹಾಕಿದರೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ನೋಡಿದರೆ ಖಾಲಿ ಅನ್ನಿಸುತ್ತೆ. ಅದರ ಹಿಂದೆ ಇನ್ನೊಂದು ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತೆ. ಎರಡು ಬೋರಿನ ತೋಟೆ ಒಂದೇ ಜೇಬಿನಲ್ಲಿ ಇರಲೇಬಾರದು.

*ಉದ್ದ.* ಹಳೇ ಕೋವಿಗಳ ನಳಿಗೆ ಕೆಳಗೆ ಎರಡೂವರೆ ಇಂಚು ಅಥವಾ 65 ಮಿ.ಮೀ. ಅಂತ ಕೆತ್ತಿರುತ್ತೆ. ಅದಕ್ಕೆ 70 ಮಿ.ಮೀ. ತೋಟೆ ಹಾಕಿದರೆ ಒಳಗೆ ಸರಾಗ ಕೂರುತ್ತೆ, ಆದರೆ ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಕೂತಿತು ಅಂದ ಮಾತ್ರಕ್ಕೆ ಸರಿ ಅಂತ ಅಲ್ಲ.

*ಕೋವಿಯ ವಯಸ್ಸು.* ಅಜ್ಜನ ಕಾಲದ ಕೆಲವು ಕೋವಿಗಳ ನಳಿಗೆ ಮೇಲೆ ಸುರುಳಿ ಸುರುಳಿ ಗೆರೆ ಕಾಣುತ್ತೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನ ಸುತ್ತಿ ಬೆಸೆದು ಮಾಡಿದ ನಳಿಗೆ ಅದು. ಕರಿಮದ್ದಿನ ಕಾಲದ್ದು. ಇಂದಿನ ತೋಟೆ ಅದಕ್ಕೆ ಬೇಡ. ಗೋಡೆಯ ಮೇಲೆ ಇರಲಿ, ಅದೂ ಲೈಸೆನ್ಸ್ ಸಮೇತ.

*ತೋಟೆಯ ಸ್ಥಿತಿ.* ಮಳೆಗಾಲದ ತೇವಕ್ಕೆ ಉಬ್ಬಿದ ಕಾಗದದ ತೋಟೆ, ತಳ ಹಸಿರು ಕಟ್ಟಿದ ತೋಟೆ ಹೊಡೀಬೇಡಿ. ಅದನ್ನ ಕೊಯ್ದು ಮದ್ದು ತೆಗೆಯೋದು, ಒಲೆಗೆ ಹಾಕೋದು, ಹೂಳೋದು ಯಾವುದೂ ಬೇಡ. ಅಂಗಡಿಗೋ ಠಾಣೆಗೋ ವಾಪಸ್ ಕೊಡಿ.

ಎಷ್ಟು ತೋಟೆ ಇಟ್ಟುಕೊಳ್ಳಬಹುದು ಅನ್ನೋದು ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತೆ. ಅದಕ್ಕಿಂತ ಒಂದೂ ಹೆಚ್ಚು ಬೇಡ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ ಇರಲಿ. ಎರಡರ ಕೀಲಿಯೂ ಮಕ್ಕಳ ಕೈಗೆ ಸಿಗಬಾರದು.

ಈಡು ಹಾರದಿದ್ದರೆ?

- ಟ್ರಿಗರ್ ಎಳೆದರೂ ಸದ್ದಿಲ್ಲ: ಕೋವಿ ಇಳಿಸಬೇಡಿ, ಬಗ್ಗಿ ನೋಡಬೇಡಿ. ಜನ, ಜಾನುವಾರು ಇಲ್ಲದ ಕಡೆಗೆ ಮುಖ ಮಾಡಿ ತೋಟೆ ಕೋವಿಯಾದರೆ ಅರ್ಧ ನಿಮಿಷ, ಕೇಪಿನ ಕೋವಿಯಾದರೆ ಎರಡು ನಿಮಿಷ ಹಿಡಿದಿರಿ. ಕೆಲವೊಮ್ಮೆ ಮದ್ದು ತಡವಾಗಿ ಹತ್ತುತ್ತೆ.
- "ಢಂ" ಅನ್ನೋ ಬದಲು "ಡುಸ್" ಅಂತ ಸದ್ದು ಬಂತು: ಅಲ್ಲಿಗೇ ನಿಲ್ಲಿಸಿ. ಬಿರಡೆಯೋ ಗುಂಡೋ ನಳಿಗೆಯಲ್ಲಿ ಸಿಕ್ಕಿರಬಹುದು. ಕೋವಿ ಪೂರ್ತಿ ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಆರಪಾರ ಕಾಣದೆ ಮತ್ತೊಂದು ತೋಟೆ ಹಾಕಬೇಡಿ. ಮನೆಯಲ್ಲಿ ತುಂಬಿದ ತೋಟೆಯಲ್ಲಿ ಮದ್ದು ಕಡಿಮೆಯಾದಾಗ ಆಗೋ ಅನಾಹುತ ಇದೇ.
- ನಳಿಗೆ ನೆಲಕ್ಕೆ ತಗುಲಿ ಕೆಸರು ಹೊಕ್ಕಿದರೂ ಇದೇ ಕ್ರಮ.

ಕೋವಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದಾ?

ಇಲ್ಲ. ಕೋವಿ ಲೈಸೆನ್ಸ್ ಬೇರೆ, ಬೇಟೆಗೆ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ಕಾಡುಹಂದಿ 2ನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಆಗಿದೆ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರಿಂದ ಅಧಿಕಾರ ಪಡೆದವರಿಗೆ ಮನವರಿಕೆಯಾದರೆ ಕಾರಣ ಬರೆದು ಅನುಮತಿ ಕೊಡಲು ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಹಾಗಾಗಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಿಮಾತಿನ "ಹೊಡ್ಕೊಳ್ಳಿ ಬಿಡಿ" ಅನುಮತಿ ಅಲ್ಲ.

ಪಕ್ಕದ ಕೇರಳದಲ್ಲಿ 2022ರಲ್ಲಿ ಈ ಅನುಮತಿ ಕೊಡುವ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟರು. ಅಲ್ಲೂ ಹೊಡೆಯೋದು ಲೈಸೆನ್ಸ್ ಇರುವ ಕೋವಿಯಿಂದಲೇ. ಅದು ಕೇರಳದ ಆದೇಶ, ನಮ್ಮ ಹಾಸನಕ್ಕೆ ಅನ್ವಯಿಸಲ್ಲ.

ಆನೆ, ನವಿಲು ಎರಡೂ 1ನೇ ಪಟ್ಟಿಯವು. ಕೋವಿ ಅವುಗಳ ಕಡೆ ತಿರುಗಲೇಬಾರದು. ಚರೆ ತಗುಲಿದ ಆನೆ ಸಾಯಲ್ಲ. ನೋವಲ್ಲಿ ಮುಂದಿನ ಊರಿನವರ ಮೇಲೆ ಬೀಳುತ್ತೆ.

ಸಿಡಿಮದ್ದಿನ ಉಂಡೆ, ಉರುಳು, ಲೈನಿನಿಂದ ನೇರ ಎಳೆದ ಕರೆಂಟು, ಈ ಮೂರೂ ಬೇಡ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಕಡೆ ಸ್ಫೋಟಕ ತುಂಬಿದ ಹಣ್ಣು ಕಚ್ಚಿ ಬಸುರಿ ಆನೆ ಸತ್ತ ಸುದ್ದಿ ದೇಶವೇ ನೋಡಿತು. ನಮ್ಮ ಊರುಗಳಲ್ಲಿ ಆ ಉಂಡೆಗೆ ಮೊದಲು ಬಾಯಿ ಹಾಕೋದು ನಮ್ಮ ಹಸು, ನಮ್ಮ ನಾಯಿ. ಕರೆಂಟಿನ ತಂತಿಗೆ ಬೆಳಗಿನ ಜಾವ ನೀರು ಕಟ್ಟೋಕೆ ಹೋದ ಮನೆಯವರೇ ಸಿಕ್ಕಿಕೊಳ್ಳಬಹುದು.

ಬೆಳೆ ಉಳಿಸೋ ಕೆಲಸ ಯಾವುದು?

ಒಂದು ಈಡಿಗೆ ಹಿಂಡು ಓಡುತ್ತೆ, ಮೂರನೇ ರಾತ್ರಿಗೆ ವಾಪಸ್ ಬರುತ್ತೆ. ಯಂತ್ರ ತರೋಕೆ ಇಟ್ಟ ದುಡ್ಡು ಇದ್ದರೆ ಹೀಗೆ ಖರ್ಚು ಮಾಡಿ:

- *ಸೋಲಾರ್ ಬೇಲಿ.* ಬಿಟ್ಟು ಬಿಟ್ಟು ಹೊಡೆಯೋ ಶಾಕ್ ಇದರದ್ದು. ಕಂಪನಿಯ ಎನರ್ಜೈಸರ್ ಮೂಲಕವೇ ಹಾಕಬೇಕು. ಹಂದಿ ಹಾರಲ್ಲ, ನುಸುಳುತ್ತೆ. ಅದಕ್ಕೆ ಮೊದಲ ತಂತಿ ನೆಲದಿಂದ ಮುಕ್ಕಾಲು ಅಡಿ ಒಳಗೇ ಇರಲಿ, ಎರಡನೆಯದು ಒಂದೂವರೆ ಅಡಿಗೆ. ಹುಲ್ಲು ತಗುಲಿದರೆ ಶಾಕ್ ಇಳಿಯುತ್ತೆ, ವಾರಕ್ಕೊಮ್ಮೆ ಸವರಿ.
- *ಒಟ್ಟಾಗಿ ಬಿತ್ತನೆ.* ಅಕ್ಕಪಕ್ಕದವರು ಒಂದೇ ಸಮಯಕ್ಕೆ ಬಿತ್ತಿದರೆ ಕಾವಲಿನ ದಿನ ಕಡಿಮೆ, ಪಾಳಿ ಹಾಕಿಕೊಳ್ಳೋದೂ ಸುಲಭ. ಒಬ್ಬರ ಜೋಳ ಮಾತ್ರ ಹಿಂದೆ ಬಿದ್ದರೆ ಊರಿನ ಹಂದಿಯೆಲ್ಲ ಅಲ್ಲಿಗೇ.
- *ಪರಿಹಾರ.* ಹಾನಿಯಾದ ಬೆಳಗ್ಗೆಯೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಹಾಕಿ. ಇಲಾಖೆಯ ಇ-ಪರಿಹಾರ ವ್ಯವಸ್ಥೆ ಇರೋದು ಇದಕ್ಕೇ. ಉಳುಮೆ ಮಾಡಿ ಗುರುತು ಅಳಿಸೋಕೆ ಮುಂಚೆ ಪರಿಶೀಲನೆ ಆಗಲಿ.
- *ಫೋನು.* ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿಗೆ 112. ಸಕಲೇಶಪುರ, ಆಲೂರು ಕಡೆಯವರು ಆನೆ ಓಡಾಟದ ಎಚ್ಚರಿಕೆ ಸಂದೇಶಕ್ಕೆ ನಂಬರ್ ಸೇರಿಸಿಕೊಳ್ಳಿ.

ಈ ವಾರದ ಪಾಠ ಚುಟುಕಾಗಿ

1. ಮನೆಯಲ್ಲಿ ತೋಟೆ ತುಂಬೋದು, ಅದರ ಯಂತ್ರ ತರಿಸೋದು ಲೈಸೆನ್ಸ್ ಇಲ್ಲದೆ ಅಪರಾಧ. ಶಿಕ್ಷೆ ಕನಿಷ್ಠ 7 ವರ್ಷ.
2. ವರ್ಷಕ್ಕೆ ಹತ್ತು ಈಡು ಹೊಡೆಯೋರಿಗೆ ಅದರಿಂದ ಉಳಿಯೋದು ಏನೂ ಇಲ್ಲ.
3. ಬೋರ್, ಉದ್ದ, ಕೋವಿಯ ವಯಸ್ಸು, ತೋಟೆಯ ಸ್ಥಿತಿ ನೋಡದೆ ಹೊಡೀಬೇಡಿ.
4. ಕೋವಿ ಲೈಸೆನ್ಸ್, ಬೇಟೆ ಅನುಮತಿ ಎರಡೂ ಬೇರೆ ಬೇರೆ.
5. ದುಡ್ಡು ಬೇಲಿಗೆ ಹಾಕಿ.

ಮನೆಯಲ್ಲಿ ಕೋವಿ ಇದ್ದರೆ ಈ ವಾರ ಒಂದು ಕೆಲಸ ಮಾಡಿ. ಲೈಸೆನ್ಸ್ ಪುಸ್ತಕ ತೆಗೆದು ಯಾರ ಹೆಸರಲ್ಲಿದೆ, ಯಾವತ್ತಿಗೆ ಮುಗಿಯುತ್ತೆ, ಎಷ್ಟು ತೋಟೆಗೆ ಅನುಮತಿ ಇದೆ ಅಂತ ಓದಿ. ಪೆಟ್ಟಿಗೆಯಲ್ಲಿರೋ ತೋಟೆ ಎಣಿಸಿ. ಎರಡೂ ತಾಳೆಯಾದರೆ ನೆಮ್ಮದಿ. ಆಗದಿದ್ದರೆ ಬೆಳೆ ಕಾವಲು ಶುರುವಾಗೋ ಮುಂಚೆ ಸರಿ ಮಾಡಿಸಿಕೊಳ್ಳಿ.